ಸಂಪಾದಕರ ಉತ್ತರ: ಬ್ರೇಕಿನ ವಿಚಾರ ಕೇಳಲೇ ಇಲ್ಲವಲ್ಲ

ಹೋದ ಸಂಚಿಕೆಯಲ್ಲಿ ಕರಾವಳಿ ಮತ್ತು ಮಲೆನಾಡಿನ ಸೈಕಲ್ ದಾರಿಗಳ ಬಗ್ಗೆ ಬಂದ ಲೇಖನ ಓದಿ ಮಂಡ್ಯದ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ವಯಸ್ಸು 48, ಬ್ಯಾಂಕ್ ನೌಕರಿ, ಎಂಟು ತಿಂಗಳ ಹಿಂದೆ ಗೇರ್ ಸೈಕಲ್ ಕೊಂಡಿದ್ದಾರೆ. ಕಾಗದದಲ್ಲಿ ಇರುವುದು ಒಂದು ತಕರಾರು, ಒಂದು ಪ್ರಶ್ನೆ. ತಕರಾರು ಅವರದೇ ಮಾತಿನಲ್ಲಿ: ‘ಆಗುಂಬೆ, ಮರವಂತೆ ಅಂತ ನಾಲ್ಕು ಪುಟ ತುಂಬ್ಸಿದ್ದೀರಿ. ಏನ್ ಸ್ವಾಮಿ, ನಮ್ ಮಂಡ್ಯದಲ್ಲಿ ಸೈಕಲ್ ತುಳಿಯೋಕೆ ರಸ್ತೇನೇ ಇಲ್ವಾ?’ ಪ್ರಶ್ನೆ: ಡಿಸೆಂಬರ್‌ನಲ್ಲಿ ಮೂರು ದಿನ ರಜ ಹಾಕಿ ಮಡಿಕೇರಿ ಮೇಲೆ ಮಂಗಳೂರಿಗೆ ಹೋಗಬೇಕು, ಘಟ್ಟ ಹತ್ತೋಕೆ ಹಿಂದಿನ ಚಕ್ರದಲ್ಲಿ 28 ಹಲ್ಲಿನ ಗೇರು ಸಾಕಾ?

ತಕರಾರು ಒಪ್ಪಿದೆ. ಮೈಸೂರಿನಲ್ಲಿ ಕೂತವರಿಗೆ ಮಗ್ಗುಲಲ್ಲಿರುವುದು ಕಾಣುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಪ್ರಶ್ನೆಯನ್ನು ಮಾತ್ರ ಹಾಗೇ ಒಪ್ಪಲಾರೆ. ನಿಮ್ಮ ಎರಡು ಪುಟದಲ್ಲಿ ‘ಹತ್ತೋದು’ ಒಂಬತ್ತು ಕಡೆ ಇದೆ, ಎಣಿಸಿದೆ. ‘ಬ್ರೇಕು’ ಒಂದು ಕಡೆಯೂ ಇಲ್ಲ.

ಸ್ವಾಮಿ, ನಾವು ಇರುವುದೇ ಮೇಲೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ಕಾವೇರಿ ಸೇತುವೆ ಸಿಗುವ ಹೊತ್ತಿಗೆ ನೀವು ಹೆಚ್ಚೇನೂ ಏರಿರುವುದಿಲ್ಲ. ಏರು ಶುರುವಾಗುವುದು ಅಲ್ಲಿಂದ, ಸುಂಟಿಕೊಪ್ಪದ ಕಾಫಿ ತೋಟಗಳ ನಡುವೆ. ಕುಶಾಲನಗರದಿಂದ ಮಡಿಕೇರಿಗೆ 30 ಕಿ.ಮೀ.; ಏರಬೇಕಾದ ಎತ್ತರ 300 ಮೀಟರ್ ಚಿಲ್ಲರೆ. ಚಾಮುಂಡಿ ಬೆಟ್ಟವನ್ನು ಊರಿನಿಂದ ಹತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಬೆಟ್ಟದಲ್ಲಿ ಒಂದೇ ಉಸಿರಿಗೆ ಹತ್ತಿಸುತ್ತದೆ, ಕೊಡಗಿನ ದಾರಿ ನಡುನಡುವೆ ಇಳಿಸಿ, ಸಮಾಧಾನ ಹೇಳಿ ಹತ್ತಿಸುತ್ತದೆ. ಮುಂದೆ ಪೆಡಲಿನ ಬಳಿ 34 ಹಲ್ಲಿನ ಚಿಕ್ಕ ಗೇರು ಇದ್ದರೆ ಹಿಂದೆ 28 ಸಾಕು. ಮೊಣಕಾಲು ಗೊಣಗುತ್ತದೆ ಅನ್ನುವುದಾದರೆ 32 ಹಾಕಿಸಿಕೊಳ್ಳಿ. ಆಗ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತಿಗಿಂತ ಚೂರೇ ಹೆಚ್ಚು. ಏರಿನ ವಿಚಾರ ಇಷ್ಟೇ.

ಮಡಿಕೇರಿ ದಾಟಿದ ಮೇಲೆ ಇದೆ ನೋಡಿ ಫಜೀತಿ. ಅಲ್ಲಿಂದ ಸಂಪಾಜೆಗೆ 28 ಕಿ.ಮೀ., ಅಷ್ಟರಲ್ಲಿ ಸುಮಾರು ಒಂದು ಸಾವಿರ ಮೀಟರ್ ಕೆಳಗಿಳಿಯುತ್ತೀರಿ. ನೀವು, ಸೈಕಲ್ಲು, ಬ್ಯಾಗು ಎಲ್ಲ ಸೇರಿ 85 ಕಿಲೋ ಅಂತಿಟ್ಟುಕೊಳ್ಳಿ. ಅಷ್ಟು ಭಾರ ಸಾವಿರ ಮೀಟರ್ ಇಳಿದಾಗ ಬಿಡುವ ಶಕ್ತಿಯಲ್ಲಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಬಹುದು. ಜೋರಾಗಿ ಹೋದರೆ ಅದರಲ್ಲಿ ಬಹುಪಾಲನ್ನು ಎದುರುಗಾಳಿಯೇ ನುಂಗುತ್ತದೆ. ಹೆದರಿಕೊಂಡು ಬ್ರೇಕ್ ಹಿಡಿದೇ ನಿಧಾನಕ್ಕೆ ಇಳಿದರೆ? ಗಾಳಿಗೆ ಏನೂ ಸಿಗದು, ಶಾಖವೆಲ್ಲ ಬ್ರೇಕಿನ ರಬ್ಬರು ಉಜ್ಜುವ ರಿಮ್ಮಿಗೆ. ಹುಷಾರಿನ ಮನುಷ್ಯನ ಚಕ್ರವೇ ಹೆಚ್ಚು ಕಾಯುವುದು ಇದೇ ಕಾರಣಕ್ಕೆ.

ನಾನೂ ಅಂಥ ಹುಷಾರಿನವನೇ. ವರ್ಷಗಳ ಹಿಂದೆ ಅದೇ ಘಾಟಿಯಲ್ಲಿ ಎರಡೂ ಬ್ರೇಕ್ ಅಮುಕಿಕೊಂಡು, ಹಿಂದೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಇನ್ನಷ್ಟು ಅಮುಕಿಕೊಂಡು ಇಳಿದೆ. ಜೋಡುಪಾಲದ ಹತ್ತಿರ ರಬ್ಬರು ಸುಟ್ಟ ವಾಸನೆ ಬಂತು. ಒಂದು ಗೂಡಂಗಡಿ ಮುಂದೆ ನಿಲ್ಲಿಸಿ ರಿಮ್ಮು ಮುಟ್ಟಿದೆ, ದೋಸೆ ಕಾವಲಿ. ಹೆಬ್ಬೆರಳಿಗೆ ಬೊಬ್ಬೆ ಬಂತು. ಬಾಟಲಿಯ ನೀರು ಸುರಿಯಲು ಹೊರಟಾಗ ಅಂಗಡಿಯಾಕೆ ಒಳಗಿನಿಂದಲೇ ಕೂಗಿದರು, ‘ನೀರು ಹಾಕ್ಬೇಡಿ ಮಾರಾಯ್ರೆ, ಅದರಷ್ಟಕ್ಕೇ ತಣೀಲಿ.’ ಟೀ ಅರ್ಧ ಕುಡಿದಿದ್ದೆ. ಕಂಬಕ್ಕೆ ಒರಗಿಸಿಟ್ಟಿದ್ದ ಸೈಕಲ್ಲಿನ ಮುಂದಿನ ಚಕ್ರ ಢಂ ಅಂತು. ಶಾಖಕ್ಕೆ ಟ್ಯೂಬು ಒಂದು ಗೇಣು ಸೀಳಿಹೋಗಿತ್ತು. ಅದೇ ಐದು ನಿಮಿಷ ಮೊದಲು, ತಿರುವಿನಲ್ಲಿ ಆಗಿದ್ದರೆ ಈ ಉತ್ತರವನ್ನು ಬೇರೆ ಯಾರೋ ಬರೆಯಬೇಕಿತ್ತು.

ಹಾಗಾಗಿ ಬ್ರೇಕನ್ನು ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮುಂಚೆ, ಸೈಕಲ್ಲು ನೆಟ್ಟಗಿರುವಾಗಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಐದಾರು ಕಿ.ಮೀ.ಗೊಮ್ಮೆ ನಿಂತು ಕಾಡು ನೋಡಿ, ರಿಮ್ಮಿಗೂ ವಿಶ್ರಾಂತಿ. ಹಿಂದೆ ಬಸ್ಸು ಬಂದರೆ ಪೈಪೋಟಿ ಬೇಡ, ಬದಿಗೆ ನಿಂತು ದಾರಿ ಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಟ್ಯೂಬಿನ ಚಿಂತೆ ತಪ್ಪುತ್ತದೆ, ಆದರೆ ಡಿಸ್ಕೂ ಕಾಯುತ್ತದೆ, ಮುಟ್ಟಬೇಡಿ. ಬೆಳಿಗ್ಗೆ ಎಂಟರ ತನಕ ಮಡಿಕೇರಿ ಬಿಡಬೇಡಿ, ಮಂಜಿನಲ್ಲಿ ನೀವು ಲಾರಿಯವನಿಗೆ ಕಾಣುವುದಿಲ್ಲ. ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯಿತು. ಮಳೆಗಾಲದಲ್ಲಿ ಆ ದಾರಿ ಯಾರ ಮಾತೂ ಕೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಇದೇ ಜೋಡುಪಾಲದಲ್ಲಿ ಗುಡ್ಡ ಕುಸಿದು ಮನೆಗಳೇ ಕೊಚ್ಚಿಹೋದವು, ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು.

ಈಗ ನಿಮ್ಮ ತಕರಾರಿಗೆ. ಹೊರಡುವುದಕ್ಕೆ ಮುಂಚೆ ನಾಲ್ಕು ಭಾನುವಾರ ಮೇಲುಕೋಟೆಗೆ ಹೋಗಿಬನ್ನಿ. ಹತ್ತಲು ಕಲಿಯುವುದಕ್ಕಲ್ಲ, ಇಳಿಯಲು ಕಲಿಯುವುದಕ್ಕೆ. ಶಿವಳ್ಳಿ, ದುದ್ದ, ಜಕ್ಕನಹಳ್ಳಿ ಮೇಲೆ ಹೋದರೆ ನಿಮ್ಮೂರಿನಿಂದ 36 ಕಿ.ಮೀ. ಆಸುಪಾಸು. ಜಕ್ಕನಹಳ್ಳಿ ಬಿಟ್ಟ ಮೇಲೆ ಗುಡ್ಡ ಎದುರಾಗುತ್ತದೆ, ಯೋಗಾನರಸಿಂಹನ ಗೋಪುರ ಕಾಣುತ್ತಾ ಮರೆಯಾಗುತ್ತಾ ಜೊತೆಗೇ ಬರುತ್ತದೆ. ಮೇಲೆ ಪುಳಿಯೋಗರೆ ತಿನ್ನಿ, ಆದರೆ ಇಳಿಯುವ ಮುಂಚೆ ಅರ್ಧ ಗಂಟೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂತಿರಿ. ವಾಪಸ್ ಬರುವಾಗ ಪಾಂಡವಪುರದ ಕಡೆ ತಿರುಗಿ ತೊಣ್ಣೂರು ಕೆರೆ ನೋಡಿಕೊಂಡು ಬನ್ನಿ. ನಮ್ಮ ಲೇಖಕರು ಬರೆದ ಕರಾವಳಿಯ ಯಾವ ಹಿನ್ನೀರಿಗೂ ಆ ನೀರಿನ ನೀಲಿ ಕಡಿಮೆಯಿಲ್ಲ. ಇದನ್ನು ಹೋದ ಸಂಚಿಕೆಯಲ್ಲೇ ಬರೆಯಬೇಕಿತ್ತು, ನಮ್ಮದೇ ತಪ್ಪು.

ಆ ದಾರಿಯಲ್ಲಿ ಒಂದು ಕಾಟ ಉಂಟು, ನಿಮಗೆ ಗೊತ್ತಿರುವುದೇ. ಸುಗ್ಗಿಯಲ್ಲಿ ಹುರುಳಿ, ರಾಗಿ ತಂದು ರಸ್ತೆ ತುಂಬ ಹರಡುತ್ತಾರೆ, ಒಕ್ಕಣೆಯನ್ನು ಲಾರಿ ಬಸ್ಸುಗಳೇ ಮಾಡಿಕೊಡಲಿ ಅಂತ. ಕಾರಿನವರು ಗೊಣಗಿಕೊಂಡು ದಾಟುತ್ತಾರೆ. ಸೈಕಲ್ಲಿನವನ ಕಥೆ ಬೇರೆ: ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡಿತೆಂದರೆ ಚೈನು ಲಾಕ್. ದುದ್ದದ ಹತ್ತಿರ ಒಮ್ಮೆ ಇಪ್ಪತ್ತು ನಿಮಿಷ ರಸ್ತೆ ಬದಿ ಕೂತು ಬಳ್ಳಿ ಬಿಡಿಸಿದ್ದೇನೆ. ಹುರುಳಿಯ ಯಜಮಾನರೇ ಕುಡುಗೋಲು ತಂದು ನೆರವಾದರು, ಒಂದು ಹಿಡಿ ಕಾಳನ್ನೂ ಕೊಟ್ಟರು. ರಾಶಿ ಕಂಡರೆ ಇಳಿದು, ಸೈಕಲ್ಲು ಎತ್ತಿಕೊಂಡು ದಾಟಿ. ಕಬ್ಬಿನ ಟ್ರಾಕ್ಟರುಗಳೂ ಅದೇ ಕಾಲದಲ್ಲೇ. ಹಿಂದೆ ದೀಪವಿಲ್ಲದ ಟ್ರೈಲರು ಕತ್ತಲಲ್ಲಿ ಕಾಣುವುದೇ ಇಲ್ಲ, ಆರು ಗಂಟೆಗೆ ಮನೆ ಸೇರಿಬಿಡಿ. ವಿಶ್ವೇಶ್ವರಯ್ಯ ನಾಲೆ ಏರಿಯ ದಾರಿಗಳು ತಂಪಾಗಿ ಚೆನ್ನಾಗಿವೆ, ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸೇ ನಾಲೆಗೆ ಉರುಳಿ 30 ಜನ ಹೋದದ್ದನ್ನು ನಿಮ್ಮ ಕಡೆಯವರು ಮರೆತಿರಲಾರರು.

ಮೂರು ದಿನ ಸಾಲದು, ನಾಲ್ಕು ಮಾಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ ಎದುರಿನಿಂದ ಬರುವವರದೇ ಕಾರುಬಾರು. ನಾನಾಗಿದ್ದರೆ ಮೈಸೂರಿನ ತಂಟೆಗೇ ಹೋಗದೆ ಪಾಂಡವಪುರ, ಕೆಆರ್‌ಎಸ್, ಇಲವಾಲ ಹಿಡಿದು ಹುಣಸೂರಿನಲ್ಲಿ ಮೊದಲ ರಾತ್ರಿ ಕಳೆಯುತ್ತೇನೆ. ಎರಡನೆಯದು ಮಡಿಕೇರಿ. ಹುಣಸೂರಿನಿಂದ ಗೋಣಿಕೊಪ್ಪಲಿಗೆ ನಾಗರಹೊಳೆ ಅಂಚಿನ ದಾರಿ ಹತ್ತಿರ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಆನೆಯ ಮುಂದೆ ಯಾವ ಗೇರೂ ನಡೆಯದು. ಮೂರನೆಯ ದಿನ ಸುಳ್ಯ ದಾಟಿ ಪುತ್ತೂರಿಗೆ ನಿಲ್ಲಿಸಿ. ಘಟ್ಟ ಇಳಿದ ಮೇಲೆ ಸಮುದ್ರದ ತನಕ ಸಪಾಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸುಳ್ಯ–ಪುತ್ತೂರು ನಡುವೆ ಗಿಡ್ಡ ಗಿಡ್ಡ ಏರುಗಳು ಮುಗಿಯುವುದೇ ಇಲ್ಲ, ಮೇಲೆ ಸೆಕೆ. ನಿಮ್ಮ 28 ಹಲ್ಲಿನ ಗೇರಿಗೆ ನಿಜವಾದ ಕೆಲಸ ಸಿಗುವುದು ಅಲ್ಲಿ.

ಮಂಗಳೂರು ಮುಟ್ಟಿ ಇನ್ನೊಂದು ದಿನ ಉಳಿದರೆ ಉಡುಪಿ ಕಡೆ ಹೋಗಿ. ಹೆದ್ದಾರಿ 66 ನನಗೆ ಹಿಡಿಸದು, ಬಸ್ಸುಗಳು ಮೈಮೇಲೆ ಬರುತ್ತವೆ. ಕಾಪುವಿನ ದೀಪಸ್ತಂಭದ ಹತ್ತಿರ ಹೆದ್ದಾರಿ ಬಿಟ್ಟು ಕಡಲ ಅಂಚಿನ ದಾರಿ ಹಿಡಿಯಿರಿ. ಮಟ್ಟು, ಪಡುಕೆರೆ, ಮಲ್ಪೆ. ಎಡಕ್ಕೆ ಸಮುದ್ರ, ಬಲಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಸಾಲು, ಒಣಹಾಕಿದ ಬಲೆ. ಅಗಲ ಎಷ್ಟು ಕಡಿಮೆಯೆಂದರೆ ಕೆಲವು ಕಡೆ ಅಲೆಯ ಸದ್ದು ಒಂದು ಕಿವಿಗೆ, ದೋಣಿಯ ಮೋಟರು ಇನ್ನೊಂದು ಕಿವಿಗೆ. ಅಲ್ಲಿ ಬ್ರೇಕಿನ ನೆನಪೇ ಆಗುವುದಿಲ್ಲ. ಮಟ್ಟುಗುಳ್ಳ ಬದನೆ ಸಿಕ್ಕರೆ ಅರ್ಧ ಕಿಲೋ ಬ್ಯಾಗಿಗೆ ಹಾಕಿಕೊಳ್ಳಿ.

ವಾಪಸ್ ಬರುವ ಬಗ್ಗೆಯೂ ನೀವು ಕೇಳಿಲ್ಲ, ತುಳಿದುಕೊಂಡೇ ಬರುವ ಧೈರ್ಯವೋ ಏನೋ. ಬಸ್ಸಾದರೆ ಕಂಡಕ್ಟರ್ ಮರ್ಜಿ. ಮುಂದಿನ ಚಕ್ರ ಬಿಚ್ಚಿ ಫ್ರೇಮಿಗೆ ಕಟ್ಟಿಟ್ಟಿದ್ದರೆ ಅರ್ಧ ವಾದ ಗೆದ್ದಂತೆ. ಹಗ್ಗಕ್ಕಿಂತ ಹಳೇ ಟ್ಯೂಬು ವಾಸಿ, ಬಣ್ಣ ಕೆರೆಯುವುದಿಲ್ಲ. ಜೋಡುಪಾಲದಲ್ಲಿ ಒಡೆದ ಆ ಟ್ಯೂಬಿನಲ್ಲೇ ನಾನು ಇವತ್ತಿಗೂ ಕಟ್ಟುವುದು.