ಮ್ಯಾಪ್ಸ್ ಸುಧಾರಿಸು ಅಂದರೆ ಏನು ಹೇಳಲಿ ಅಂತ ಕೇಳಿದ ಕುಮಟಾದ ತಮ್ಮನಿಗೆ

ಪ್ರಾಡಕ್ಟ್ ಮ್ಯಾನೇಜರ್ ಸಂದರ್ಶನದಲ್ಲಿ 'ಗೂಗಲ್ ಮ್ಯಾಪ್ಸ್ ಅನ್ನು ಹೇಗೆ ಸುಧಾರಿಸುತ್ತೀರಿ' ಅಂದರೆ ಏನು ಹೇಳಲಿ ಅಂತ ಕೇಳಿದ್ದೀಯ. ಜೊತೆಗೆ ಡಬ್ಲಿನ್‌ನಲ್ಲಿ ಮನೆ, ಊಟ, ಮಳೆ ಹೇಗೆ ಅಂತಲೂ.

ಮನೆ ಸಿಗುವುದು ಕಷ್ಟ, ಬಾಡಿಗೆ ಜಾಸ್ತಿ. ಬೇಗ ಹುಡುಕಲು ಶುರು ಮಾಡು. ಅಕ್ಕಿ ಬೇಳೆ ಸಿಗುತ್ತದೆ, ಅಪ್ಪೆಮಿಡಿ ಮನೆಯಿಂದಲೇ ತಾ. ಇಲ್ಲಿಯವರು ಮಳೆ ಅನ್ನುವುದಕ್ಕೆ ನಮ್ಮ ಶಿರಸಿಯಲ್ಲಿ ಕಂಬಳಿಕೊಪ್ಪೆ ಗೂಟದಿಂದ ಇಳಿಯುವುದೂ ಇಲ್ಲ.

ಇನ್ನು ಸಂದರ್ಶನ. ನಾನು ಬಂದ ಹೊಸತರಲ್ಲಿ ಒಂದು ಸಣ್ಣ ಡೆಲಿವರಿ ಕಂಪನಿಯಲ್ಲಿ ನನಗೂ ಇದೇ ಪ್ರಶ್ನೆ ಬಂದಿತ್ತು. ಬಡಿಸಿದ್ದಕ್ಕೆ ಹೆಸರಿಡಬಾರದು ಅಂತ ಬೆಳೆದವರು ನಾವು. ಇಲ್ಲಿ ಹೆಸರಿಡಲೆಂದೇ ಕೂರಿಸುತ್ತಾರೆ. 'ಎಲ್ಲ ಚೆನ್ನಾಗಿದೆ' ಅಂದರೆ ಮಾತು ಅಲ್ಲಿಗೇ ಮುಗಿಯಿತು. ಹಾಗಂತ ರಾಶಿ ಫೀಚರ್ ಸುರಿಯಬೇಡ. ಯಾರಿಗೆ, ಯಾವಾಗ, ಏನು ತೊಂದರೆ ಅಂತ ಒಂದನ್ನೇ ಹಿಡಿ.

ನಾನು ಹಿಡಿದದ್ದು ದೇವಿಮನೆ ಘಟ್ಟ. ಮಳೆಗಾಲದ ರಾತ್ರಿ, ಕುಮಟಾದಿಂದ ಶಿರಸಿಗೆ ಹೊರಟ ಲಾರಿ ಡ್ರೈವರ್. ರಸ್ತೆಯಲ್ಲಿ ಗಾಡಿ ಎಷ್ಟು ಜೋರಾಗಿ ಓಡುತ್ತಿದೆ ಅಂತ ಮ್ಯಾಪ್ಸ್‌ಗೆ ತಿಳಿಯುವುದು ಬಹುಪಾಲು ಅಲ್ಲಿ ಓಡಾಡುವ ಫೋನ್‌ಗಳಿಂದ. ಘಟ್ಟದಲ್ಲಿ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು, ರಾತ್ರಿ ಗಾಡಿಯೂ ಕಡಿಮೆ. ಆಗ ಮರ ಬಿದ್ದು ಬಂದ್ ಆದ ರಸ್ತೆ ಯಾವುದು, ಸುಮ್ನೆ ಖಾಲಿ ಬಿದ್ದ ರಸ್ತೆ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ದಾರಿ ತೋರಿಸುತ್ತದೆ, ಟ್ರಾಫಿಕ್ ಹೇಳುವುದಿಲ್ಲ. ಅದಕ್ಕೆ ನಾನು ಹೇಳಿದ್ದು ಇಷ್ಟೇ: ಘಟ್ಟ ಹತ್ತುವ ಮೊದಲು, ಸಿಗ್ನಲ್ ಇರುವಾಗಲೇ, 'ಮುಂದಿನ ರಸ್ತೆಯಿಂದ ಇಷ್ಟು ಹೊತ್ತು ಸುದ್ದಿ ಬಂದಿಲ್ಲ' ಅಂತ ಎಚ್ಚರಿಸಲಿ. ಅರಬೈಲು ಘಟ್ಟಕ್ಕೆ ತಿರುಗುವುದೋ ದೊಡ್ಮನೆ ಘಟ್ಟಕ್ಕೋ, ಡ್ರೈವರ್ ನೋಡಿಕೊಳ್ಳುತ್ತಾನೆ.

ಆಮೇಲೆ ಅವರು ಬಿಡಲಿಲ್ಲ. ಸುಳ್ಳು ಎಚ್ಚರಿಕೆ ಜಾಸ್ತಿಯಾದರೆ ಯಾರೂ ನಂಬುವುದಿಲ್ಲ ಅಲ್ವಾ? ಉಪಯೋಗವಾಯಿತು ಅಂತ ಹೇಗೆ ಅಳೆಯುತ್ತೀಯ? ಅರ್ಧ ಘಟ್ಟದಿಂದ ವಾಪಸ್ ತಿರುಗುವ ಗಾಡಿಗಳು ಕಡಿಮೆಯಾಗಬೇಕು ಅಂದೆ. ಇಂಥ ಉತ್ತರ ಮೊದಲೇ ಯೋಚಿಸಿಟ್ಟುಕೋ. ನಿಜವಾದ ಪರೀಕ್ಷೆ ಅಲ್ಲೇ ಇರುವುದು.

ಕೆಲಸವೇನೋ ಸಿಕ್ಕಿತು. ಆದರೆ ಘಟ್ಟದ ಮಾತು ಹೇಳಿ ಒಳಗೆ ಬಂದವನಿಗೆ ಕೊಟ್ಟದ್ದು ಡಬ್ಲಿನ್ ಗಲ್ಲಿಗಳಲ್ಲಿ ವ್ಯಾನ್ ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕ. ಸಂಬಳ ಒಳ್ಳೆಯದಿತ್ತು, ಮಾಡಿದೆ, ಈಗಲೂ ಅಂಥದ್ದನ್ನೇ ಮಾಡುತ್ತಿದ್ದೇನೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ, ಯಾವ ದಾರಿ ತೆರೆದಿದೆ ಅಂತ ತಿಳಿಯಲು ನಾನು ಮ್ಯಾಪ್ ತೆಗೆಯಲಿಲ್ಲ. ಅಂಕೋಲೆಯ ಭಾವನಿಗೆ ಫೋನ್ ಮಾಡಿದೆ. ಅವತ್ತಿನಿಂದ ಈ ಕೆಲಸದ ಬಗ್ಗೆ ಊರಲ್ಲಿ ಯಾರಾದರೂ ಹೊಗಳಿದರೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಅದಕ್ಕೇ ಕೊನೆಯಲ್ಲಿ 'ನಿಮಗೇನಾದರೂ ಕೇಳುವುದಿದೆಯಾ' ಅಂದಾಗ, ಈ ಟೀಮ್ ಯಾವ ಊರಿನ ಜನಕ್ಕಾಗಿ ಕೆಲಸ ಮಾಡುತ್ತದೆ ಅಂತ ಕೇಳು. ಇನ್ನೊಂದು, ದೇವಿಮನೆ ಕಥೆ ಮಾತ್ರ ಹೇಳಬೇಡ ಮಾರಾಯ. ಇಲ್ಲಿ ಸಂದರ್ಶನ ಮಾಡುವವರಲ್ಲಿ ನಮ್ಮ ಕಡೆಯವರೂ ಇದ್ದಾರೆ, ಎಲ್ಲರಿಗೂ ಅದು ನನ್ನದು ಅಂತ ಗೊತ್ತು. ನೀನು ಕಡಲ ಬದಿಯವನು, ತದಡಿಯ ದೋಣಿಯಿಂದ ಶುರು ಮಾಡು.