ವಾಚಿಗೆ ಕೀ ಕೊಡುತ್ತಿದ್ದವರು ಎಲ್ಲಿ?

ಪ್ರಿಯರೆ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಉತ್ಪನ್ನದ ಜೀವನಚಕ್ರ: ಎಚ್‌ಎಂಟಿ ವಾಚಿನ ಪಾಠ’ ಲೇಖನ ಓದಿದೆ. ಒಳ್ಳೆಯ ವಿಷಯ, ಇಸವಿಗಳು ಸರಿಯಾಗಿವೆ, ಕಾಗುಣಿತ ತಪ್ಪಿಲ್ಲ. ಇನ್ನು ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟ: ‘1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಪರಿಚಯದ ಹಂತ. ನಂತರ ಬೆಳವಣಿಗೆ, ಪ್ರೌಢಾವಸ್ಥೆ. ಕ್ವಾರ್ಟ್ಜ್ ಬಂದ ಮೇಲೆ ಸಂಸ್ಥೆಯು ಅವನತಿಯ ಹಂತವನ್ನು ಪ್ರವೇಶಿಸಿತು.’ ಮುಹೂರ್ತ ನೋಡಿ ಒಳಗೆ ಕಾಲಿಡೋಕೆ ಅದೇನು ಗೃಹಪ್ರವೇಶವೇ?

ಕೀ ಬೇಡದ, ಶೆಲ್ಲಿನಿಂದ ಓಡುವ ಈ ಕ್ವಾರ್ಟ್ಜ್ ‘ಬಂದ’ದ್ದಾದರೂ ಎಲ್ಲಿಂದ? ಎಂಬತ್ತರ ದಶಕದ ಆರಂಭದಲ್ಲೇ ಎಚ್‌ಎಂಟಿ ತಾನೇ ಕ್ವಾರ್ಟ್ಜ್ ವಾಚು ಮಾಡಿತ್ತು. ಆದರೆ ಮನಸ್ಸೆಲ್ಲ ಕೀ ಕೊಡುವ ವಾಚಿನ ಮೇಲೇ. 1984ರಲ್ಲಿ ಹುಟ್ಟಿ, ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿದ ಟೈಟನ್ ಕ್ವಾರ್ಟ್ಜನ್ನೇ ನೆಚ್ಚಿಕೊಂಡಿತು. ಮೊಜಾರ್ಟ್ ಸಂಗೀತ ಹಾಕಿ ಜಾಹೀರಾತು ಮಾಡಿತು, ವಾಚನ್ನು ಉಡುಗೊರೆ ಎಂದು ಮಾರಿತು. ಅತ್ತ ಜನ ಕಾದು ನಿಂತು ಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆದ ಎಚ್‌ಎಂಟಿಗೆ ಗಿರಾಕಿಯನ್ನು ಕರೆದು ಮಾರಿ ಅಭ್ಯಾಸವೇ ಇರಲಿಲ್ಲ. ಇಷ್ಟನ್ನೂ ನುಂಗಿ ನೀವು ಬರೆದದ್ದು: ‘ಸೂಕ್ತ ಮಾರುಕಟ್ಟೆ ತಂತ್ರಗಳನ್ನು ಅಳವಡಿಸಿಕೊಳ್ಳಲಾಗಲಿಲ್ಲ.’ ಯಾರಿಗೆ ಆಗಲಿಲ್ಲ? ಯಾವ ತಂತ್ರ?

ಅದರ ಕೆಳಗಿನ ಸಾಲು, ‘ಬೇಡಿಕೆ ಕುಸಿಯಿತು.’ ಯಾವುದರ ಬೇಡಿಕೆ? ಜನ ವಾಚು ಕಟ್ಟುವುದನ್ನು ಬಿಡಲಿಲ್ಲವಲ್ಲ. ಮುಪ್ಪು ಬಂದದ್ದು ಕೀ ಕೊಡುವ ಯಂತ್ರಕ್ಕೆ. ವಾಚು, ಆ ಯಂತ್ರ, ಎಚ್‌ಎಂಟಿ ಎಂಬ ಹೆಸರು, ಮೂರಕ್ಕೂ ಒಂದೇ ಜಾತಕ ಬರೆದುಬಿಟ್ಟಿದ್ದೀರಿ. 2016ರಲ್ಲಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದಲ್ಲಿಗೆ ನಿಮ್ಮ ಜೀವನಚಕ್ರದ ರೇಖೆ ನೆಲ ಮುಟ್ಟುತ್ತದೆ. ಎಚ್‌ಎಂಟಿಯ ಹಳೇ ಪೈಲಟ್, ಜನತಾ ವಾಚುಗಳನ್ನು ಹುಡುಕಿಕೊಂಡು ಅಲೆಯುವ ಇವತ್ತಿನ ಹುಡುಗರನ್ನು ಯಾವ ಹಂತಕ್ಕೆ ಸೇರಿಸುತ್ತೀರಿ?

ಇಷ್ಟು ರೇಗುವುದಕ್ಕೆ ಕಾರಣವಿದೆ. ಸಣ್ಣ ಊರಿನ ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ‘ಯಾಂತ್ರಿಕ ಗಡಿಯಾರಗಳು ಜನಪ್ರಿಯತೆ ಕಳೆದುಕೊಳ್ಳುತ್ತಿವೆ’ ಎಂದು ಬರೆದು ಒಯ್ದಿದ್ದೆ. ಸಂಪಾದಕರು ಮೊದಲ ಸಾಲು ಓದಿ ಹಾಳೆ ಮಡಚಿ, ‘ಬಸ್‌ಸ್ಟ್ಯಾಂಡ್ ಹಿಂದೆ ವಾಚ್ ರಿಪೇರಿ ಅಂಗಡಿ ಇದೆ, ಹೋಗಿ ಒಂದು ಮಧ್ಯಾಹ್ನ ಕೂತ್ಕೊಂಡು ಬಾ’ ಅಂದರು. ಅವಮಾನ ನುಂಗಿಕೊಂಡು ಹೋದೆ. ಬಂದ ಒಂಬತ್ತು ಗಿರಾಕಿಗಳಲ್ಲಿ ಏಳು ಮಂದಿ ಶೆಲ್ ಹಾಕಿಸಲು ಬಂದವರು. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ‘ಎರಡು ನಿಮಿಷದ ಕೆಲಸ ಸಾಮಿ, ಕೂಲಿ ಕೇಳೋಕೂ ನಾಚ್ಕೆ’ ಅಂದರು. ಮಾರನೇ ವಾರ ಪತ್ರಿಕೆಯಲ್ಲಿ ಬಂದದ್ದು ಆ ಮಾತೊಂದೇ. ನನ್ನ ಉಳಿದ ಮೂರು ಹಾಳೆ ಕಸದ ಬುಟ್ಟಿಗೆ.

ಲೇಖನ ವಾಪಸು ಕಳಿಸುತ್ತಿದ್ದೇನೆ. ಕೊನೇ ಪುಟದಲ್ಲಿ, ಬಹುಶಃ ಕೈತಪ್ಪಿ, ನಿಮ್ಮ ತಾತ ದಿನಾ ಕಾಫಿಗೆ ಮೊದಲು ಜನತಾ ವಾಚಿಗೆ ಕೀ ಕೊಡುತ್ತಿದ್ದರು ಎಂದು ಬರೆದಿದ್ದೀರಿ. ಅವರು ಮುಂದೆ ಶೆಲ್ ವಾಚು ಕಟ್ಟಿದರೇ? ಕೊಡಿಸಿದವರು ಯಾರು? ಜನತಾ ಈಗ ಯಾರ ಹತ್ತಿರ ಇದೆ? ಮನೆಯಲ್ಲಿ ಕೇಳಿಕೊಂಡು ಅಲ್ಲಿಂದ ಶುರುಮಾಡಿ, ದೀಪಾವಳಿಯೊಳಗೆ ಕಳಿಸಿ.