ಸ್ಟಿಕ್ ಬದಲಿಸುವ ಮೊದಲು ಗೋಡೆ ನೋಡಿ

ಇಂಟರ್‌ನೆಟ್‌ನಿಂದ ಸಿನೆಮಾ, ವಿಡಿಯೊ ತೋರಿಸಲು ಟಿ.ವಿ.ಗೆ ಜೋಡಿಸುವ ಸ್ಟ್ರೀಮಿಂಗ್ ಸ್ಟಿಕ್ಕುಗಳ ಕುರಿತು ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪ್ರಶ್ನೆಗಳು ಬಂದಿವೆ. ಬಹುಪಾಲು ಪತ್ರಗಳಲ್ಲಿ ಒಂದೇ ಅನುಮಾನ: ಸಾಧನ ಹಳೆಯದಾಯಿತು, ಇಲ್ಲವೇ ಇಂಟರ್‌ನೆಟ್ ಪ್ಲಾನ್ ಸಾಲದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಈ ಎರಡೂ ಕಾರಣವಾಗಿರುವುದು ಅಪರೂಪ. ತೊಂದರೆ ಇರುವುದು ರೂಟರ್‌ನಿಂದ ಟಿ.ವಿ.ವರೆಗಿನ ಕೆಲವೇ ಅಡಿಗಳಲ್ಲಿ, ಅಥವಾ ಪ್ಲಗ್ಗಿನಲ್ಲಿ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಅಲ್ಲಿ ಹುಡುಕಿ.

ಪ್ರಶ್ನೆ: ಮಗ ಬೆಂಗಳೂರಿನಿಂದ ಫೈರ್ ಟಿವಿ ಸ್ಟಿಕ್ ಕಳುಹಿಸಿದ್ದಾನೆ. ಮನೆಗೆ 100 ಎಂಬಿಪಿಎಸ್ ವೇಗದ ಫೈಬರ್ ಸಂಪರ್ಕವಿದೆ. ರೂಟರ್ ಇರುವ ಕೋಣೆಯಲ್ಲಿ ಮೊಬೈಲ್ ಚೆನ್ನಾಗಿ ಓಡುತ್ತದೆ. ಜಗಲಿಯ ಟಿ.ವಿ.ಯಲ್ಲಿ ಮಾತ್ರ ಐದು ನಿಮಿಷಕ್ಕೊಮ್ಮೆ ಚಕ್ರ ತಿರುಗುತ್ತದೆ. ಪ್ಲಾನ್ ಹೆಚ್ಚಿಸಬೇಕೆ? ನಮ್ಮದು ಹಳೆಯ ಮನೆ, ಚಿರೇಕಲ್ಲಿನ ಗೋಡೆ. (ಓದುಗರು, ಕುಮಟಾ)

ಪ್ಲಾನ್ ಹೆಚ್ಚಿಸಬೇಡಿ. ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುವ ಲೆಕ್ಕದಲ್ಲಿ 1080ಪಿ ಎಂಬ ಫುಲ್ ಎಚ್‌ಡಿ ಗುಣಮಟ್ಟದ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, ಇನ್ನೂ ಸ್ಪಷ್ಟವಾದ 4ಕೆ ಚಿತ್ರಕ್ಕೆ 15. ನಿಮ್ಮ ಮನೆ ಬಾಗಿಲಿಗೆ ಅದರ ಎಷ್ಟೋ ಪಟ್ಟು ಬರುತ್ತಿದೆ. ಬಂದದ್ದು ಜಗಲಿಗೆ ತಲುಪುತ್ತಿಲ್ಲ ಅಷ್ಟೆ.

ನಿಮ್ಮ ಪ್ರಶ್ನೆಯ ಕೊನೆಯ ಮಾತಿನಲ್ಲೇ ಉತ್ತರ ಇದೆ. ಚಿರೇಕಲ್ಲಿನ ಹಳೆಯ ಗೋಡೆ ಸಾಮಾನ್ಯವಾಗಿ ಒಂದಡಿಗೆ ಕಡಿಮೆ ಇರುವುದಿಲ್ಲ. ಆ ಕಲ್ಲಿನ ತುಂಬ ರಂಧ್ರ. ಮಳೆಗಾಲದಲ್ಲಿ ನೀರು ಹೀರಿಕೊಂಡು ಕೂರುತ್ತದೆ. ವೈಫೈ ಅಲೆಗಳಿಗೆ ನೀರೇ ದೊಡ್ಡ ಶತ್ರು. ಬೇಸಿಗೆಯಲ್ಲಿ ಹೇಗೋ ನಡೆದದ್ದು ಆಷಾಢದಲ್ಲಿ ಕೈಕೊಟ್ಟರೆ ಆಶ್ಚರ್ಯಪಡಬೇಡಿ. ರೂಟರ್ ಕಳುಹಿಸುವ ವೈಫೈ ಅಲೆಗಳಲ್ಲಿ ಎರಡು ಬಗೆ: 5 ಗಿಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. ಇಂಥ ಗೋಡೆಗಳು ನಡುವೆ ಎರಡು ಬಂದರೆ 5 ಗಿಗಾಹರ್ಟ್ಸ್ ಅಲೆಯಲ್ಲಿ ಬಹಳ ಏನೂ ಉಳಿಯುವುದಿಲ್ಲ. 2.4 ಗಿಗಾಹರ್ಟ್ಸ್ ನಿಧಾನವಾದರೂ ಗೋಡೆಯನ್ನು ದಾಟುವುದರಲ್ಲಿ ಗಟ್ಟಿ. ಈಗಿನ ರೂಟರ್‌ಗಳು ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತವೆ. ಸ್ಟಿಕ್ ಎಷ್ಟೋ ಸಲ ಬಲವಿಲ್ಲದ 5ಕ್ಕೇ ಜೋತುಬಿದ್ದು ಒದ್ದಾಡುತ್ತದೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಸ್ಟಿಕ್ಕನ್ನು 2.4ಕ್ಕೆ ಜೋಡಿಸಿ ನೋಡಿ. ಫೈಬರ್ ಹಾಕಿಕೊಟ್ಟ ಹುಡುಗರಿಗೆ ಫೋನ್ ಮಾಡಿದರೆ ಐದು ನಿಮಿಷದ ಕೆಲಸ.

ಜೊತೆಗೇ ಇನ್ನೊಂದು. ಸ್ಟಿಕ್ಕನ್ನು ಟಿ.ವಿ.ಯ ಬೆನ್ನಿಗೆ ನೇರವಾಗಿ ಸಿಕ್ಕಿಸಿದ್ದೀರಿ ಎಂದುಕೊಳ್ಳುತ್ತೇನೆ. ಅಲ್ಲಿ ಅದಕ್ಕೆ ಹಿಂದೆ ಗೋಡೆ, ಮುಂದೆ ಟಿ.ವಿ.ಯ ಲೋಹದ ಹಾಳೆ. ಡಬ್ಬಿಯಲ್ಲಿ ಗೇಣುದ್ದದ ಒಂದು ಎಚ್‌ಡಿಎಂಐ ತುಂಡು ಕೇಬಲ್ ಬಂದಿರುತ್ತದೆ. ಬೇಡದ್ದೆಂದು ಹೆಚ್ಚಿನವರು ಡ್ರಾಯರ್‌ಗೆ ಹಾಕುತ್ತಾರೆ. ಅದನ್ನು ಹುಡುಕಿ ತೆಗೆದು, ಸ್ಟಿಕ್ ಟಿ.ವಿ.ಯ ಅಂಚಿನಿಂದ ಸ್ವಲ್ಪ ಹೊರಗೆ ಇಣುಕುವಂತೆ ಜೋಡಿಸಿ. ಸಿಗ್ನಲ್ ಸುಧಾರಿಸುತ್ತದೆ, ಸ್ಟಿಕ್ ಬಿಸಿಯಾಗುವುದೂ ಕಡಿಮೆಯಾಗುತ್ತದೆ. ಫಲ ಸಿಕ್ಕಿತೇ ಎಂಬುದನ್ನು ಊಹಿಸಬೇಡಿ, ಅಳೆಯಿರಿ: ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ, ನಿಮ್ಮ ವೈಫೈ ಹೆಸರಿನ ಮೇಲೆ ನಿಂತು ರಿಮೋಟ್‌ನ ಪ್ಲೇ ಗುಂಡಿ ಒತ್ತಿದರೆ ಸಂಪರ್ಕದ ಸ್ಥಿತಿ ಕಾಣುತ್ತದೆ, ವೇಗ ಪರೀಕ್ಷೆಯೂ ಅಲ್ಲೇ ಇದೆ. ಒಂದೊಂದು ಬದಲಾವಣೆಯ ನಂತರವೂ ನೋಡಿ ಬರೆದಿಟ್ಟುಕೊಳ್ಳಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ಶಾಶ್ವತ ಪರಿಹಾರ ತಂತಿ. ರೂಟರ್‌ನಿಂದ ಜಗಲಿಗೆ ಒಂದು ಕ್ಯಾಟ್ 6 ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ಸರಾಗವಾಗಿ ಕೆಲಸ ಮಾಡುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ತೊಲೆಯ ಮೇಲಿನಿಂದ ಕೇಬಲ್ ಒಯ್ಯಬಹುದು, ಗೋಡೆ ಕೊರೆಯಬೇಕಾಗಿಲ್ಲ. ಸ್ಟಿಕ್ಕಿನ ತುದಿಗೆ ಒಂದು ಈಥರ್‌ನೆಟ್ ಅಡಾಪ್ಟರ್ ಬೇಕಾಗುತ್ತದೆ. ಅಂಗಡಿಯವರು ರಿಪೀಟರ್ (ವೈಫೈ ಸಿಗ್ನಲ್ ಪಡೆದು ಮುಂದಕ್ಕೆ ಕಳುಹಿಸುವ ಸಾಧನ) ಕೊಡಲು ಬರುತ್ತಾರೆ. ಅಗ್ಗದ ರಿಪೀಟರ್ ಒಂದೇ ಅಲೆಯಲ್ಲಿ ಪಡೆದು ಅದೇ ಅಲೆಯಲ್ಲಿ ಕಳುಹಿಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಕೊಂಡರೂ ಅದನ್ನು ಟಿ.ವಿ. ಪಕ್ಕದಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಿ. ಟಿ.ವಿ. ಪಕ್ಕಕ್ಕೆ ಬರುವ ಹೊತ್ತಿಗೆ ಅದಕ್ಕೂ ಹಂಚಲು ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಸ್ಟಿಕ್ ತಾನಾಗಿಯೇ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಕೊಂಡು ಇನ್ನೂ ಒಂದು ವರ್ಷ ಆಗಿಲ್ಲ. (ಓದುಗರು, ಕಾರವಾರ)

ಟಿ.ವಿ.ಯ ಯುಎಸ್‌ಬಿ ರಂಧ್ರದಿಂದ ಕರೆಂಟ್ ಕೊಟ್ಟಿದ್ದೀರಾ? ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ 500 ಮಿಲಿ ಆಂಪಿಯರ್ ಕೊಡುವಂಥದ್ದು. ಸ್ಟಿಕ್ಕಿನ ಜೊತೆ ಬರುವ ಅಡಾಪ್ಟರ್ ಅದರ ಎರಡರಷ್ಟು ಕೊಡುತ್ತದೆ. ಮೆನು ತೋರಿಸಲು ಅರ್ಧ ಸಾಕಾಗುತ್ತದೆ, ಚಿತ್ರ ಓಡಲು ಶುರುವಾದಾಗ ಉಸಿರುಕಟ್ಟಿ ಬೀಳುತ್ತದೆ. ಅದರದೇ ಅಡಾಪ್ಟರ್ ಮೂಲಕ ಗೋಡೆಯ ಪ್ಲಗ್ಗಿಗೆ ಜೋಡಿಸಿ.

ಕಡಲ ದಂಡೆಯ ಮನೆಯಾದರೆ ಒಮ್ಮೆ ಪಿನ್ನುಗಳನ್ನೂ ನೋಡಿ. ಉಪ್ಪುಗಾಳಿಗೆ ಲೋಹದ ಮೇಲೆ ಹಸಿರು ಪೊರೆ ಕಟ್ಟುತ್ತದೆ. ಎಲ್ಲವನ್ನೂ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಹಗುರವಾಗಿ ಒರೆಸಿ, ಒಣಗಿದ ಮೇಲೆ ಜೋಡಿಸಿ. ತೆಂಗಿನೆಣ್ಣೆ, ಸೀಮೆಎಣ್ಣೆ ಬೇಡ.

ಪ್ರಶ್ನೆ: ನಮ್ಮಲ್ಲಿ ಮಳೆ-ಗಾಳಿಗೆ ಕರೆಂಟ್ ಪದೇ ಪದೇ ಹೋಗುತ್ತದೆ. ಇನ್ವರ್ಟರ್ ಇರುವುದರಿಂದ ಟಿ.ವಿ. ನಡೆಯುತ್ತದೆ, ಆದರೆ ನೆಟ್ ಇರುವುದಿಲ್ಲ. ಕರೆಂಟ್ ಬಂದ ಮೇಲೂ ಸ್ಟಿಕ್ ‘ಸಂಪರ್ಕ ಇಲ್ಲ’ ಎನ್ನುತ್ತದೆ. ಸಿಡಿಲಿನ ಭಯವೂ ಇದೆ. (ಓದುಗರು, ಶಿರಸಿ ತಾಲ್ಲೂಕು)

ಇಲ್ಲಿ ಮೂರು ವಿಷಯಗಳಿವೆ. ಮೊದಲನೆಯದು: ಫೈಬರ್ ತಂತಿ ಬಂದು ಸೇರುವ ಪುಟ್ಟ ಡಬ್ಬಿ ಮತ್ತು ವೈಫೈ ರೂಟರ್ ಅನೇಕ ಮನೆಗಳಲ್ಲಿ ಬೇರೆ ಬೇರೆ. ರೂಟರ್ ಇನ್ವರ್ಟರ್ ಸಾಲಿನಲ್ಲಿದ್ದು ಆ ಡಬ್ಬಿ ಸಾದಾ ಪ್ಲಗ್ಗಿನಲ್ಲಿದ್ದರೆ ವೈಫೈ ಗುರುತು ಕಾಣುತ್ತದೆ, ನೆಟ್ ಇರುವುದಿಲ್ಲ. ಎರಡನ್ನೂ ಇನ್ವರ್ಟರ್ ಸಾಲಿಗೆ ತನ್ನಿ. ವೈರಿಂಗ್ ಬದಲಿಸುವುದು ಕಷ್ಟವೆಂದರೆ ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಕೊಳ್ಳಿ. ಹೆಚ್ಚಿನ ರೂಟರ್‌ಗಳು 12 ವೋಲ್ಟಿನವು, ಆದರೂ ನಿಮ್ಮ ಅಡಾಪ್ಟರ್ ಮೇಲಿನ ವೋಲ್ಟನ್ನು ಓದಿಯೇ ಕೊಳ್ಳಿ. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಫೈಬರ್ ಕಂಪನಿಯವರು ಊರಿನಲ್ಲಿ ಇಟ್ಟ ಪೆಟ್ಟಿಗೆಯಲ್ಲೇ ಬ್ಯಾಟರಿ ಮುಗಿದರೆ ನಾವು ಮಾಡುವಂಥದ್ದು ಏನೂ ಇಲ್ಲ, ಹೆಸ್ಕಾಂ ಲೈನ್ ಸರಿಯಾಗುವವರೆಗೆ ಕಾಯಬೇಕು.

ಎರಡನೆಯದು ಸುಲಭ. ಕರೆಂಟ್ ಬಂದಾಗ ಸ್ಟಿಕ್ ಬೇಗ ಏಳುತ್ತದೆ, ರೂಟರ್‌ಗೆ ಎರಡು-ಮೂರು ನಿಮಿಷ ಬೇಕು. ಆ ಹೊತ್ತಿನಲ್ಲಿ ಸಂಪರ್ಕ ಸಿಗದೆ ಸ್ಟಿಕ್ ಹಾಗೆಯೇ ನಿಂತುಬಿಡುವುದುಂಟು. ರೂಟರ್‌ನ ದೀಪಗಳು ಸ್ಥಿರವಾಗುವವರೆಗೆ ಕಾದು, ರಿಮೋಟ್‌ನ ನಡುವಿನ ಗುಂಡಿ ಮತ್ತು ಪ್ಲೇ ಗುಂಡಿಯನ್ನು ಒಟ್ಟಿಗೆ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಫೈರ್ ಟಿವಿ ಸ್ಟಿಕ್ ಹೊಸದಾಗಿ ಶುರುವಾಗುತ್ತದೆ. ಬೇರೆ ಕಂಪನಿಯದಾದರೆ ಪ್ಲಗ್ ತೆಗೆದು ಹಾಕಿದರಾಯಿತು.

ಸಿಡಿಲಿನ ಬಗ್ಗೆ ಮಾತ್ರ ದಯವಿಟ್ಟು ಅಲಕ್ಷ್ಯ ಮಾಡಬೇಡಿ. ಮುಂಗಾರಿನ ಮೊದಲಿನ ಏಪ್ರಿಲ್-ಮೇ ಮತ್ತು ಹಿಂಗಾರಿನ ಅಕ್ಟೋಬರ್ ನಮ್ಮಲ್ಲಿ ಗುಡುಗಿನ ಕಾಲ. ಗಾಜಿನ ಎಳೆಯಲ್ಲಿ ಬೆಳಕು ಹರಿಯುವುದರಿಂದ ಫೈಬರ್ ಮೂಲಕ ಸಿಡಿಲಿನ ಹೊಡೆತ ಬರುವ ಅಪಾಯ ಹಳೆಯ ತಾಮ್ರದ ಟೆಲಿಫೋನ್ ತಂತಿಗಿಂತ ಬಹಳ ಕಡಿಮೆ. ಅದು ನುಗ್ಗುವುದು ಕರೆಂಟಿನ ತಂತಿಯಿಂದ, ಛಾವಣಿಯ ಮೇಲಿನ ಡಿಶ್ ಕೇಬಲ್‌ನಿಂದ. ಡಿಶ್ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿ.ವಿ.ಗೆ, ಟಿ.ವಿ.ಯಿಂದ ಸ್ಟಿಕ್ಕಿಗೆ ದಾರಿ ಇದ್ದೇ ಇದೆ. ಟಿ.ವಿ.ಯ ಪ್ಲಗ್ ಮಾತ್ರ ಕಿತ್ತು ಡಿಶ್ ಕೇಬಲ್ ಬಿಟ್ಟರೆ ಅರ್ಧ ಕೆಲಸ. ಮೋಡ ಕಪ್ಪಾಗುತ್ತಿರುವಾಗಲೇ ಎಲ್ಲವನ್ನೂ ಕಿತ್ತಿಡಿ. ಗುಡುಗು ನೆತ್ತಿಯ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಹೋಗಬೇಡಿ, ಜೀವಕ್ಕಿಂತ ಟಿ.ವಿ. ದೊಡ್ಡದಲ್ಲ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮುನ್ನ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್‌ನಿಂದ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ: ಅಪ್ಪ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುತ್ತಾರೆ. ಟಿ.ವಿ.ಯಲ್ಲಿ ಚಂಡೆಯೇ ಕೇಳುತ್ತದೆ, ಭಾಗವತರ ಪದ್ಯ ಮುಳುಗಿಹೋಗುತ್ತದೆ. ಕುಣಿತ ಯಾಕೋ ಜಾರಿದಂತೆ ಕಾಣುತ್ತದೆ. ನೇರ ಪ್ರಸಾರವಂತೂ ಆಗಾಗ ನಿಲ್ಲುತ್ತದೆ. (ಓದುಗರು, ಹೊನ್ನಾವರ)

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಬಡಗುತಿಟ್ಟಿನ ನಾಡಿನಲ್ಲಿ ವಯಸ್ಸಾದ ಮೇಲೆ ರಾತ್ರಿಯಿಡೀ ಬಯಲಿನಲ್ಲಿ ಕೂರಲಾಗದವರಿಗೆ ಈ ಪುಟ್ಟ ಸಾಧನ ಕೊಡುವ ಸುಖ ದೊಡ್ಡದು. ಅದು ಸರಿಯಾಗಿ ಸಿಗಬೇಕು.

ಧ್ವನಿಯಿಂದ ಆರಂಭಿಸೋಣ. ಟಿ.ವಿ.ಯ ಸೌಂಡ್ ಮೋಡ್ ‘ಸರೌಂಡ್’, ‘ಮ್ಯೂಸಿಕ್’ ಅಥವಾ ‘ಸ್ಟೇಡಿಯಂ’ ಎಂದಿದ್ದರೆ ‘ಸ್ಟ್ಯಾಂಡರ್ಡ್’ಗೆ ತನ್ನಿ. ಸರೌಂಡ್ ನಡುವಿನ ಧ್ವನಿಯನ್ನು ಅಕ್ಕಪಕ್ಕಕ್ಕೆ ಚದುರಿಸುತ್ತದೆ, ಪದ್ಯ ಇರುವುದು ಆ ನಡುವಿನಲ್ಲೇ. ಬಳಿಕ ‘ಕ್ಲಿಯರ್ ವಾಯ್ಸ್’ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಮನುಷ್ಯರ ದನಿಯ ಭಾಗವನ್ನು ಅದು ಮೇಲೆತ್ತುತ್ತದೆ. ‘ನೈಟ್ ಮೋಡ್’ ಅಥವಾ ‘ಆಟೊ ವಾಲ್ಯೂಮ್’ ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವುದರಿಂದ ಚಂಡೆಯ ಪೆಟ್ಟು ಕಿವಿಗೆ ಬಡಿಯುವುದು ತಪ್ಪುತ್ತದೆ. ಆದರೆ ಯುದ್ಧದ ಸನ್ನಿವೇಶದ ಏರುಗತಿಯ ಕಾವೂ ಸ್ವಲ್ಪ ಇಳಿಯುತ್ತದೆ, ಎರಡೂ ಬಗೆಯಲ್ಲಿ ಅಪ್ಪನಿಗೇ ಕೇಳಿಸಿ, ಅವರು ಹೇಳಿದಂತೆ ಇಡಿ. ಚಂಡೆಯ ಪಕ್ಕದಲ್ಲಿ ಮೊಬೈಲ್ ಹಿಡಿದು ಮಾಡಿದ ಚಿತ್ರೀಕರಣವಾದರೆ ಯಾವ ಸೆಟ್ಟಿಂಗೂ ಪದ್ಯವನ್ನು ಹೊರತೆಗೆಯಲಾರದು. ಭಾಗವತರ ಮೈಕಿನ ಧ್ವನಿಯನ್ನೇ ನೇರವಾಗಿ ಪಡೆದು ದಾಖಲಿಸುವವರ ಚಾನೆಲ್ಲುಗಳನ್ನು ಹುಡುಕಿ ಚಂದಾದಾರರಾಗಿ.

ಕುಣಿತ ಜಾರಿದಂತೆ ಕಾಣುವುದಕ್ಕೆ ಟಿ.ವಿ.ಯ ಒಂದು ಅತಿಬುದ್ಧಿಯೇ ಕಾರಣ. ಎರಡು ಚಿತ್ರಗಳ ನಡುವೆ ತಾನೇ ಒಂದನ್ನು ಊಹಿಸಿ ತುಂಬಿಸುತ್ತದೆ. ಎಲ್‌ಜಿಯಲ್ಲಿ ಅದರ ಹೆಸರು ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’. ಆಫ್ ಮಾಡಿ. ಹೆಜ್ಜೆ ನೆಲಕ್ಕೆ ಬೀಳುವ ಖಚಿತತೆ ಮರಳುತ್ತದೆ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನೆಮಾ’ಗೆ ಬದಲಿಸಿ, ವಿವಿಡ್‌ನಲ್ಲಿ ವೇಷದ ಕೆಂಪು ಉರಿದು, ಕಿರೀಟದ ಕೆತ್ತನೆ ಬರೀ ಹಳದಿ ಹೊಳಪಾಗಿ ಕಾಣುತ್ತದೆ.

ನೇರ ಪ್ರಸಾರ ನಿಂತಾಗ ತಪ್ಪು ಯಾರದೆಂದು ತಿಳಿಯಲು ಹಳೆಯ ಯಕ್ಷಗಾನ ಆಟದ ಯಾವುದಾದರೊಂದು ವಿಡಿಯೊ ಹಚ್ಚಿ. ಅದು ಸರಾಗವಾಗಿ ಓಡಿದರೆ ನಿಮ್ಮ ಮನೆಯಲ್ಲಿ ದೋಷವಿಲ್ಲ, ಆಟ ನಡೆಯುವ ಬಯಲಿನಲ್ಲೇ ನೆಟ್ ಸಾಲುತ್ತಿಲ್ಲ. ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ನೋಡಿದರೆ ಚಿಕ್ಕಪುಟ್ಟ ತಡೆಗಳು ಕಾಡುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಗೆ ಫೈಬರ್ ಬಂದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿ.ವಿ. ನೋಡಬಹುದೆ? (ಓದುಗರು, ಯಲ್ಲಾಪುರ ತಾಲ್ಲೂಕು)

ನೋಡಬಹುದು, ಡೇಟಾದ ಲೆಕ್ಕ ಗೊತ್ತಿದ್ದರೆ. ನೆಟ್‌ಫ್ಲಿಕ್ಸ್ ಕೊಡುವ ಅಂದಾಜಿನಂತೆ ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿವರೆಗೆ ಬೇಕು, ಮಧ್ಯಮ ಗುಣಮಟ್ಟಕ್ಕೆ ಸುಮಾರು 0.7 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿ ಎಚ್‌ಡಿ ಸಿನೆಮಾ ಇಂಟರ್‌ವಲ್‌ಗೆ ಮುಂಚೆಯೇ ನಿಂತೀತು. ಯೂಟ್ಯೂಬ್‌ನಲ್ಲಿ ವಿಡಿಯೊ ಓಡುವಾಗ ಗುಣಮಟ್ಟವನ್ನು ನೀವೇ 480ಪಿಗೆ ಇಳಿಸಿ. 32 ಇಂಚಿನ ಟಿ.ವಿ.ಯಲ್ಲಿ ಹತ್ತಡಿ ದೂರದಿಂದ ನೋಡುವವರಿಗೆ ಅದು ಸಾಕು. ಸ್ಟಿಕ್ಕಿನ ಆ್ಯಪ್‌ಗಳು ತಮ್ಮಷ್ಟಕ್ಕೆ ಅಪ್‌ಡೇಟ್ ಇಳಿಸಿಕೊಳ್ಳುವುದನ್ನೂ, ಮುಖಪುಟದಲ್ಲಿ ವಿಡಿಯೊಗಳು ತಾವಾಗಿಯೇ ಓಡುವುದನ್ನೂ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಫೋನ್ ಇಟ್ಟು ಚಾರ್ಜ್‌ಗೆ ಹಾಕಿ.

ಡಿಶ್ ತೆಗೆದುಬಿಡಲೇ ಎಂದೂ ಕೇಳಿದ್ದೀರಿ. ಬೇಡ. ಜೋರು ಮಳೆಯಲ್ಲಿ ಡಿಶ್ ಚಿತ್ರ ಚೂರಾಗುವುದು ನಿಜ, ಆದರೆ ನೆಟ್ ಇಲ್ಲದ ದಿನ ಸುದ್ದಿ, ಚಂದನ ವಾಹಿನಿ ನೋಡಲು ಅದೇ ಗತಿ. ತಿಂಗಳ ಬಾಡಿಗೆ ಹೊರೆಯಾದರೆ ದೂರದರ್ಶನದ ಫ್ರೀ ಡಿಶ್‌ಗೆ ಬದಲಿಸಿಕೊಳ್ಳಿ, ಅದಕ್ಕೆ ಮಾಸಿಕ ಶುಲ್ಕವಿಲ್ಲ.

ಪ್ರಶ್ನೆ: ‘ಒಮ್ಮೆ ಕೊಂಡರೆ ಎಲ್ಲ ಚಾನೆಲ್, ಎಲ್ಲ ಸಿನೆಮಾ ಉಚಿತ’ ಎನ್ನುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ತೆಗೆದುಕೊಳ್ಳಬಹುದೆ? (ಓದುಗರು, ಭಟ್ಕಳ)

ಖಂಡಿತ ಬೇಡ. ಕದ್ದ ಪ್ರಸಾರ ಎಂಬುದು ಒಂದು ಕಡೆ. ಇಂಥ ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಬಂದಿರುವುದು ಜಗತ್ತಿನ ಅನೇಕ ಕಡೆ ಪತ್ತೆಯಾಗಿದೆ. 2025ರಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನೀವು ಬ್ಯಾಂಕ್ ವ್ಯವಹಾರ ಮಾಡುವ ಅದೇ ವೈಫೈಗೆ ಅಂಥದ್ದನ್ನು ಜೋಡಿಸಬೇಡಿ.

ಪ್ರಶ್ನೆ: ಅಮ್ಮ ಒಬ್ಬರೇ ಇರುತ್ತಾರೆ. ಎರಡೆರಡು ರಿಮೋಟ್, ಹತ್ತಾರು ಆ್ಯಪ್, ಗೊಂದಲವಾಗಿ ಟಿ.ವಿ. ಹಚ್ಚುವುದನ್ನೇ ಬಿಟ್ಟಿದ್ದಾರೆ. (ಓದುಗರು, ಅಂಕೋಲಾ ಮೂಲ, ಈಗ ಬೆಂಗಳೂರು)

ಮುಂದಿನ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೆಂದೇ ಮೀಸಲಿಡಿ. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ (ಟಿ.ವಿ. ಮತ್ತು ಸ್ಟಿಕ್ ಒಂದೇ ರಿಮೋಟ್‌ಗೆ ಸ್ಪಂದಿಸುವಂತೆ ಮಾಡುವ ಆಯ್ಕೆ) ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದನ್ನು ‘ಎನಿನೆಟ್ ಪ್ಲಸ್’ ಎಂದೂ ಎಲ್‌ಜಿಯಲ್ಲಿ ‘ಸಿಂಪ್‌ಲಿಂಕ್’ ಎಂದೂ ಕರೆಯುತ್ತಾರೆ. ಆಮೇಲೆ ಸ್ಟಿಕ್ಕಿನ ರಿಮೋಟ್‌ನಲ್ಲಿ ಹೋಮ್ ಗುಂಡಿ ಒತ್ತಿದರೆ ಟಿ.ವಿ. ತಾನೇ ಆನ್ ಆಗಿ ಸರಿಯಾದ ಇನ್‌ಪುಟ್‌ಗೆ ಬರುತ್ತದೆ. ಟಿ.ವಿ.ಯ ರಿಮೋಟನ್ನು ಡಿಶ್ ನೋಡುವಾಗ ಮಾತ್ರ ತೆಗೆಯುವಂತೆ ಬೇರೆ ಕಡೆ ಇಡಿ. ಅಮ್ಮ ನೋಡುವ ಎರಡೋ ಮೂರೋ ಆ್ಯಪ್ ಮೊದಲ ಸಾಲಿಗೆ ತಂದು ಉಳಿದವನ್ನು ಅಳಿಸಿಹಾಕಿ. ಸ್ಟಿಕ್ಕಿನ 8 ಜಿಬಿ ಸಂಗ್ರಹ ತುಂಬಿ ನಿಧಾನವಾಗುವುದೂ ಇದರಿಂದ ತಪ್ಪುತ್ತದೆ. ಖರೀದಿಗೆ ಪಿನ್ ಹಾಕಿಡಿ, ಕೈತಪ್ಪಿ ಬಾಡಿಗೆ ಸಿನೆಮಾ ಒತ್ತಿದರೆ ಹಣ ಹೋಗುವುದಿಲ್ಲ.

ಮೈಕ್ ಗುಂಡಿ ಹಿಡಿದು ಮಾತಾಡಿ ಹುಡುಕುವುದನ್ನು ನೀವು ತೋರಿಸಿ ಬಿಡಬೇಡಿ, ಅವರ ಕೈಯಲ್ಲೇ ನಾಲ್ಕಾರು ಸಲ ಮಾಡಿಸಿ. ಯೂಟ್ಯೂಬ್ ಆ್ಯಪ್ ಒಳಗೆ ಕನ್ನಡದಲ್ಲಿ ಹೇಳಿದರೂ ಬಹಳಷ್ಟು ಸಿಗುತ್ತದೆ. ರಿಮೋಟ್ ಕೆಲಸ ಮಾಡದಿದ್ದರೆ ಹೋಮ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು, ಆಗಲೂ ಆಗದಿದ್ದರೆ ಸೆಲ್ ಬದಲಿಸಬೇಕು ಎಂಬ ಎರಡು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಟಿ.ವಿ. ಪಕ್ಕ ಅಂಟಿಸಿ. ಒಂದು ಜೊತೆ ಎಎಎ ಸೆಲ್ಲನ್ನು ಅಲ್ಲೇ ಡ್ರಾಯರ್‌ನಲ್ಲಿ ಇಟ್ಟು ಬನ್ನಿ.